ಡಬ್ಬಿ ಮೇಲಿನ ಅಕ್ಷರ

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ನನಗೆ ಕಲಿಸುವ ಚಟವಿದೆ. ಅದಕ್ಕಿಂತ ದೊಡ್ಡದು ಜೋಡಿಸುವ ಚಟ. ಹಡಗಲಿಯ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತು ವರ್ಷ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿ ನಿಲ್ಲಿಸಿ, ಈಗ ಮನೆಯಲ್ಲಿ ಚಮಚಗಳು ಅಡ್ಡಾದಿಡ್ಡಿ ಬಿದ್ದಿದ್ದರೂ ಅದು ಶಿಸ್ತಿನ ಪ್ರಶ್ನೆ ಅನ್ನಿಸುತ್ತದೆ. ಹೋದ ಬೇಸಿಗೆ ರಜೆಯಲ್ಲಿ ಮನೆ ಒಪ್ಪ ಮಾಡುವ ವಿಡಿಯೊಗಳನ್ನು ಮೊಬೈಲಿನಲ್ಲಿ ನೋಡಿದ್ದೇ ನೋಡಿದ್ದು. ಆ ಹೆಣ್ಣುಮಕ್ಕಳ ಅಡುಗೆಮನೆಗಳಲ್ಲಿ ಯಾರೂ ಎಂದೂ ಒಗ್ಗರಣೆ ಹಾಕಿದ ಗುರುತೇ ಇರಲಿಲ್ಲ. ನಮ್ಮದೂ ಹಾಗಾಗಬೇಕೆಂದು ಸೆರಗು ಸಿಕ್ಕಿಸಿ ನಿಂತೆ.

ಆದರೆ ನಮ್ಮ ಅಡುಗೆಮನೆ ಅತ್ತೆಯ ರಾಜ್ಯ. ಅತ್ತೆ ಗಂಗವ್ವ ಇಟ್ಟಿಗಿ ಊರಿನ ಮಗಳು, ಅರವತ್ತೆಂಟು ವಯಸ್ಸು, ಶಾಲೆಯ ಕಟ್ಟೆ ಹತ್ತಿದವರಲ್ಲ. ಅವರ ಬಿಸ್ಕತ್ತಿನ ಡಬ್ಬಿಯಲ್ಲಿ ತೊಗರಿಬೇಳೆ, ತುಪ್ಪದ ಡಬ್ಬಿಯಲ್ಲಿ ಸೂಜಿದಾರ. ಯಾವುದರಲ್ಲಿ ಏನಿದೆ ಎಂಬುದು ಅವರಿಗೂ ದೇವರಿಗೂ ಮಾತ್ರ ಗೊತ್ತು. ಮೂರೇ ದಿನದಲ್ಲಿ ನಾನು ಕಿವಿ ಮುರಿದ ಕಪ್ಪು, ಮುಚ್ಚಳ ಕಳೆದುಕೊಂಡ ಡಬ್ಬಿ, ಡಬ್ಬಿ ಕಳೆದುಕೊಂಡ ಮುಚ್ಚಳ ಎಲ್ಲವನ್ನೂ ಗುಜರಿಯವನಿಗೆ ಹಾಕಿದೆ. ಒಂದೇ ನಮೂನೆಯ ಮೂವತ್ತು ಸ್ಟೀಲಿನ ಡಬ್ಬಿ ತಂದು, ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದು ಅಂಟಿಸಿದೆ. ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ.

ಮರುದಿನ ಬೆಳಿಗ್ಗೆ ಅತ್ತೆ ಆ ಸಾಲಿನ ಮುಂದೆ ಸೌಟು ಹಿಡಿದು ನಿಂತಿದ್ದರು.

“ಎಲ್ಲಾ ಒಂದ ನಮೂನಿ ಅದಾವಲ್ಲವ್ವ. ಸಾಸಿವಿ ಯಾವುದು, ಜೀರಗಿ ಯಾವುದು?”

“ಬರದೀನಲ್ಲ ಅತ್ತಿ” ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅತ್ತೆ ಒಂದೊಂದೇ ಮುಚ್ಚಳ ತೆಗೆದು ಮೂಸಿ ನೋಡತೊಡಗಿದರು. ನಲವತ್ತೈದು ವರ್ಷ ಕಣ್ಣು ಮುಚ್ಚಿಕೊಂಡು ಅಡುಗೆ ಮಾಡಿದ ಹೆಂಗಸನ್ನು ಅವರದೇ ಒಲೆಯ ಮುಂದೆ ಪರದೇಶಿ ಮಾಡಿದ್ದೆ. ಚೀಟಿ ಕೀಳಲು ಹೋದರೆ ಕೈ ಹಿಡಿದರು. “ಇರ್ಲಿ ಬಿಡು. ಚಂದ ಬರದೀಯ, ಕೀಳಬ್ಯಾಡ.”

ಹದಿನೈದು ದಿನ ಹೀಗೇ ನಡೆಯಿತು: ಮುಚ್ಚಳ ತೆಗೆಯುವುದು, ಮೂಸುವುದು, ಚೀಟಿಯನ್ನು ದಿಟ್ಟಿಸುವುದು. ಒಂದು ಸಂಜೆ ನಾನು ಉಳ್ಳಾಗಡ್ಡಿ ಹೆಚ್ಚುತ್ತಿದ್ದಾಗ ಕೇಳಿದರು: “ಯವ್ವಾ, ಅಕ್ಕಿ ಡಬ್ಬಿ ಮ್ಯಾಲೆ ಕಡೀಗೆ ಒಂದು ಬರದೀಯಲ್ಲ, ಅದು ಅವಲಕ್ಕಿಗೂ ಐತಿ, ಮಂಡಕ್ಕಿಗೂ ಐತಿ. ಮೂರೂ ಒಂದ ಮನಿಯವೇನು?”

ಹೆಚ್ಚುವ ಚಾಕು ನಿಂತಿತು. “ಹೌದತ್ತಿ. ಅದು ‘ಕ್ಕಿ’.”

“ಕ್ಕಿ” ಎಂದು ಅತ್ತೆ ಬಾಯಿ ತುಂಬ ಅಂದುಕೊಂಡರು, ಹೊಸ ಉಪ್ಪಿನಕಾಯಿಯ ರುಚಿ ನೋಡಿದಂತೆ.

ನನ್ನ ಚಟ ಕೆರಳಿತು. ಮರುದಿನವೇ ಶಾಲೆಯಿಂದ ಪಾಟಿ, ಬಳಪ ತಂದೆ. ಅತ್ತೆ ಪಾಟಿಯನ್ನು ಪಕ್ಕಕ್ಕೆ ಸರಿಸಿದರು. “ಪಾಟಿ ಬ್ಯಾಡ. ಪಾಟ್ಯಾಗ ಬರದದ್ದು ತಿನ್ನಾಕ ಬರ್ತೈತೇನು?” ಹಾಗಾಗಿ ನನ್ನ ಇಪ್ಪತ್ತು ವರ್ಷದ ಬೋಧನಾ ಅನುಭವವನ್ನು ಮೂಲೆಗಿಟ್ಟು, ಅವರು ಬೇಳೆ, ಬೆಲ್ಲ, ಮೆಣಸಿನಕಾಯಿಗಳ ಹತ್ತಿರವೇ ಪಾಠ ಹೇಳಿಸಿಕೊಂಡರು. ನಾನು ಕೇಳಿದ್ದಕ್ಕೆ ಉತ್ತರ ಹೇಳುವ ಸಹಾಯಕಿ ಅಷ್ಟೆ.

ಶ್ರಾವಣದಲ್ಲಿ ತವರಿಗೆ, ತಮ್ಮನ ಮನೆಗೆ ಹೊರಟ ಅತ್ತೆಯ ಜೊತೆ ನಾನೂ ಬಸ್ ನಿಲ್ದಾಣಕ್ಕೆ ಹೋದೆ. ಹಿಂದೊಮ್ಮೆ ಯಾರದೋ ಮಾತು ನಂಬಿ ಬೇರೆ ಬಸ್ಸು ಹತ್ತಿ ಹರಪನಹಳ್ಳಿಯಲ್ಲಿ ಇಳಿದು, ಕೈಚೀಲ ತಬ್ಬಿಕೊಂಡು ದಿನವಿಡೀ ಕೂತಿದ್ದರಂತೆ. ಅಂದಿನಿಂದ ಮೂರು ಜನರನ್ನು ಕೇಳದೆ ಬಸ್ಸಿನ ಮೆಟ್ಟಿಲು ತುಳಿಯುವವರಲ್ಲ. ನಾನು ಬೋರ್ಡು ಓದಿ ಹೇಳಲು ಬಾಯಿ ತೆರೆದೆ.

“ತಡಿ” ಎಂದು ಅತ್ತೆ ನನ್ನ ಮುಂಗೈ ಹಿಡಿದರು. ಬೆರಳು ಗಾಳಿಯಲ್ಲಿ ಆಡಿತು. “ಇಂಗಿನ ಇ... ರೊಟ್ಟಿ ಟ್ಟಿ... ರಾಗಿ ಗಿ...” ಮೂರನ್ನೂ ಜೋಡಿಸಿ “ಇಟ್ಟಿಗಿ!” ಎಂದು ಕೂಗಿದ ರಭಸಕ್ಕೆ ನಿಲ್ದಾಣದವರೆಲ್ಲ ತಿರುಗಿ ನೋಡಿದರು.

“ಹೌದಬೇ, ಇಟ್ಟಿಗೀನ. ಹತ್ತು” ಎಂದ ಕಂಡಕ್ಟರ್.

“ನೀ ಹೇಳಬ್ಯಾಡಪ್ಪ, ನಾನ ಓದೀನಿ” ಎಂದು ಅತ್ತೆ ನೆಟ್ಟಗೆ ಮೆಟ್ಟಿಲು ಹತ್ತಿದರು. ನನ್ನ ಯಾವ ವಿದ್ಯಾರ್ಥಿ ಮೊದಲ ದರ್ಜೆಯಲ್ಲಿ ಪಾಸಾದಾಗಲೂ ಎದೆ ಅಷ್ಟು ಉಬ್ಬಿರಲಿಲ್ಲ. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿಗೆ “ನಮ್ಮ ಅತ್ತಿ ಅವರು” ಎಂದು ಎರಡು ಸಲ ಹೇಳಿದೆ. ಮಾರನೆಯ ದಿನ ಶಾಲೆಯಲ್ಲಿ ಅದು “ನನ್ನ ಹೊಸ ಬೋಧನಾ ವಿಧಾನ” ಎಂದಾಗಿಬಿಟ್ಟಿತ್ತು.

ಹೋದ ವಾರ ಅತ್ತೆ ಒಂದು ಚೀಟಿ, ಪೆನ್ನು ಕೇಳಿದರು. ಅರ್ಧ ಗಂಟೆ ನಾಲಿಗೆ ಹೊರಚಾಚಿ ಬರೆದು, ಮಲಗುವ ಕೋಣೆಗೆ ನಡೆದು, ನನ್ನ ಬೀರುವಿನ ಮೇಲೆ ಅಂಟಿಸಿದರು. ಆ ಮೂರು ದಿನದ ಶಿಸ್ತಿನಿಂದ ನಾನು ಜಾಣತನದಿಂದ ಹೊರಗಿಟ್ಟಿದ್ದ ಬೀರು ಅದು.

“ಸಂತಿ” ಎಂದು ಬರೆದಿತ್ತು.

ಕೆಂಪು ಪೆನ್ನು ಹಿಡಿದು ರೂಢಿಯಾದ ಕೈ ‘ಸಂತೆ’ ಎಂದು ತಿದ್ದಲು ತುರಿಸಿತು. “ಯಾಕ, ತಪ್ಪೈತೇನು?” ಎಂದು ಅತ್ತೆ ಕೇಳಿದರು. ಬೀರುವಿನ ಬಾಗಿಲು ಎಳೆದೆ. ಎರಡು ಸೀರೆ, ಒಂದು ಕಟ್ಟು ಉತ್ತರಪತ್ರಿಕೆ, ಜೋಡಿಯಿಲ್ಲದ ಕಾಲುಚೀಲ ಕಾಲ ಮೇಲೆ ಬಿದ್ದವು.

“ಇಲ್ಲತ್ತಿ” ಎಂದೆ, “ಒಂದಕ್ಷರಾನೂ ತಪ್ಪಿಲ್ಲ.”