ಬಗ್ಗಿದವರಿಗೆ ಕಾಣುವ ಹಕ್ಕಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅನುಕೂಲ ಬೇಕು. ಯಾರ ಮೇಲೆ ಕಿಚ್ಚೋ ಅವರು ಹೊತ್ತು ಮುಳುಗುವಷ್ಟರಲ್ಲಿ ತಮ್ಮ ಮನೆಗೆ ಹೋಗಬೇಕು. ನಾವು ನಮ್ಮ ಜಗಲಿಯ ಮೇಲೆ ಕಾಲು ಚಾಚಿ ನಿಶ್ಚಿಂತೆಯಿಂದ ಉರಿದುಕೊಳ್ಳಬೇಕು. ನಮ್ಮಜ್ಜಿ ತನ್ನ ವಾರಗಿತ್ತಿಯ ಮೇಲಿನ ಕಿಚ್ಚನ್ನು, ಕೆಂಡಕ್ಕೆ ಬೂದಿ ಮುಚ್ಚಿಟ್ಟ ಹಾಗೆ, ಆಯುಸ್ಸು ಪೂರ್ತಿ ಕಾಪಾಡಿಕೊಂಡು ಬಂದಳು. ನಡುವೆ ಒಂದು ಗೋಡೆ ಇತ್ತು, ಹಾಗಾಗಿ ಸಾಧ್ಯವಾಯಿತು. ನನಗೆ ಆ ಗೋಡೆಯ ಭಾಗ್ಯವಿಲ್ಲ. ನನಗೆ ಹೊಟ್ಟೆಕಿಚ್ಚಿರುವುದು ನನ್ನ ಹೆಂಡತಿಯ ಮೇಲೆ. ಬೆಳಗಿನಿಂದ ಊದಿ ಊದಿ ಹೊತ್ತಿಸಿಕೊಂಡು ಮಧ್ಯಾಹ್ನ ತಟ್ಟೆಯ ಮುಂದೆ ಕೂತರೆ, ಅವಳೇ ಬಂದು ಬಿಸಿ ಮುದ್ದೆಯ ಪಕ್ಕಕ್ಕೆ ಹಿತಕಿದ ಅವರೆಯ ಸಾರು ಬಿಟ್ಟು, "ಇನ್ನೊಸಿ ಆಕ್ಲಾ?" ಅನ್ನುತ್ತಾಳೆ. ಮಾಗಿಯ ಸೊಗಡು ಅವರೆಯ ಎದುರಿಗೆ ಯಾವ ಕಿಚ್ಚು ತಾನೇ ನಿಂತೀತು? ಉಂಡು ಕೈ ತೊಳೆದ ಮೇಲೆ ಮತ್ತೆ ಮೊದಲಿನಿಂದ ಊದಬೇಕು.

ನಾನು ಹುಣಸೂರಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು ಎಂದು ಬರೆದಿಡುವುದು, ಊರಿಗೆಲ್ಲ ಕೇಳುವಂತೆ ಕೂಗುವುದು ನನ್ನ ಕಸುಬು. ಮೈಕು ಬರುವುದಕ್ಕೆ ಮುಂಚಿನ ಕಾಲದವನಾದ್ದರಿಂದ ನನ್ನ ಗಂಟಲಿಗೆ ಸಣ್ಣ ದನಿ ಎಂಬುದೇ ತಿಳಿಯದು. ಮನೆಯಲ್ಲಿ ಉಪ್ಪು ಕೇಳಿದರೂ ಆಚೆ ಬೀದಿಯವರು ಮಡಿಕೇರಿ ಬಸ್ಸು ಬಂತೆಂದು ಚೀಲ ಎತ್ತಿಕೊಳ್ಳುತ್ತಾರೆ. ಇಂಥವನು ಹಕ್ಕಿ ನೋಡುವ ಚಟಕ್ಕೆ ಬಿದ್ದದ್ದು ಹೇಗೆ ಎಂದು ಕೇಳಬೇಡಿ. ಬಂದವರನ್ನು ಬರೆದುಕೊಳ್ಳುವ ಕೈ, ರಜೆಯ ದಿನವೂ ಸುಮ್ಮನಿರದು.

ಚಳಿಗಾಲದ ಭಾನುವಾರಗಳಲ್ಲಿ ನಾವು ಮೂವರು ಪಿರಿಯಾಪಟ್ಟಣದ ದಾರಿಯ ಒಂದು ಕೆರೆಗೆ ಹೋಗುತ್ತೇವೆ. ನಿವೃತ್ತರಾದ ಮಾದಪ್ಪ ಮೇಷ್ಟ್ರು, ಔಷಧದಂಗಡಿಯ ನಾಗೇಂದ್ರ ಮತ್ತು ನಾನು. ನಾಗೇಂದ್ರನ ಹತ್ತಿರ ರಾಗಿ ಅಳೆಯುವ ಕಳಸಿಗೆಯಷ್ಟು ದಪ್ಪದ ಕ್ಯಾಮೆರಾ ಇದೆ, ನನ್ನ ಹತ್ತಿರ ದುರ್ಬೀನು ಇದೆ, ಮೇಷ್ಟ್ರ ಹತ್ತಿರ ನಿಯಮಗಳಿವೆ. ಹಕ್ಕಿಗಳ ಹೆಸರು ಬರೆಯುವ ಪುಸ್ತಕಕ್ಕೆ, ನನ್ನ ಕಚೇರಿಯ ಮಾದರಿಯಲ್ಲೇ, 'ಬಂದ ಸಮಯ', 'ಹೋದ ಸಮಯ' ಎಂದು ಗೆರೆ ಹಾಕಿದವನು ನಾನು. ಅದರ ಕೊನೆಯ ಪುಟ ಮಾತ್ರ ಬೇರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಬಾತುಗಳನ್ನು ಆ ವರ್ಷ ಮೊದಲು ಕಂಡವರ ಹೆಸರು ಅಲ್ಲಿ ಬೀಳುತ್ತದೆ, ಪಕ್ಕದಲ್ಲಿ ಸಾಕ್ಷಿಯ ರುಜು. ಮೂರು ವರ್ಷದಿಂದ ಅಲ್ಲಿದ್ದದ್ದು ನನ್ನದೇ ಹೆಸರು. ಇಲಾಖೆಯಲ್ಲಿ ಬಡ್ತಿ ಸಿಗದವನಿಗೆ ಆ ಪುಟ ಎಷ್ಟು ದೊಡ್ಡದು ಎಂದು ಬಡ್ತಿ ಸಿಗದವರಿಗೇ ಗೊತ್ತು. ನಾಲ್ಕನೆಯ ಸಲವೂ ನನ್ನದೇ ಬೀಳಬೇಕೆಂದು ನಾನು ಕಾರ್ತಿಕದಿಂದಲೇ ಆಕಾಶ ನೋಡುತ್ತಿದ್ದೆ.

ಅಷ್ಟರಲ್ಲಿ ಡಾಕ್ಟರು ನನ್ನ ಹೆಂಡತಿ ಭಾಗ್ಯಳಿಗೆ, "ಸಕ್ಕರೆ ಕಾಯಿಲೆ ಶುರುವಾಗೈತೆ ಕಣಮ್ಮ, ನಡೀಬೇಕು" ಎಂದರು. ನಾನೇ ಉದಾರವಾಗಿ, "ನಮ್ಮ ಜೊತೆ ಬಾ" ಎಂದೆ. ಅವಳು ಚುಂಚನಕಟ್ಟೆ ಕಡೆಯ ಗದ್ದೆ ಸೀಮೆಯ ಮಗಳು. ಕೈ ಬೀಸಿಕೊಂಡು ಸುಮ್ಮನೆ ನಡೆಯುವುದು ಆ ಮನೆತನದಲ್ಲೇ ಇಲ್ಲ. ಕೆರೆಯಂಚಿನಲ್ಲಿ ಬಿದ್ದಿದ್ದ ಗುಟ್ಕಾ ಚೀಟಿ, ಪ್ಲಾಸ್ಟಿಕ್ ಲೋಟ, ಒಂಟಿ ಚಪ್ಪಲಿ, ಗಾಜು ಒಡೆದ ದೇವರ ಪಟಗಳನ್ನು ಕಂಡು, "ಇದೇನ್ರೀ, ಕೆರೆನಾ ತಿಪ್ಪೆನಾ? ಹಕ್ಕಿ ನೋಡೋ ಕಣ್ಗೆ ಇದು ಕಾಣಾಕಿಲ್ವಾ?" ಎಂದಳು. ಮುಂದಿನ ವಾರ ಗೊಬ್ಬರದ ಎರಡು ಖಾಲಿ ಚೀಲ ಹಿಡಿದು ಬಂದಳು.

ಮೊದಲ ಪೆಟ್ಟು ಬಿದ್ದದ್ದು ಅಂದೇ. ದೂರದ ಜೊಂಡಿನ ನಡುವೆ ಬೆಳ್ಳಗೆ ಏನೋ ಕಂಡಿತು. ದುರ್ಬೀನಿನಲ್ಲಿ ನೋಡಿ, "ದೊಡ್ಡ ಬೆಳ್ಳಕ್ಕಿ. ಕತ್ತು ಒಳಕ್ಕೆಳ್ಕೊಂಡು ಧ್ಯಾನದಲ್ಲಿದೆ. ಮೀನು ಬರೋವರ್ಗೂ ಕದಲಲ್ಲ" ಎಂದು ವಿವರಿಸಿದೆ. ನಾಗೇಂದ್ರ ಬಗೆಬಗೆಯಾಗಿ ಫೋಟೊ ತೆಗೆದ. ನಾನು 'ಬಂದ ಸಮಯ' ಬರೆದೆ. ಆಗ ಭಾಗ್ಯ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ನೀರಿಗಿಳಿದವಳು, ನೇರ ಹೋಗಿ ನನ್ನ ಬೆಳ್ಳಕ್ಕಿಯ ಕತ್ತು ಹಿಡಿದು ಚೀಲದೊಳಕ್ಕೆ ತುರುಕಿದಳು. "ಬಟ್ಟೆ ಅಂಗ್ಡಿ ಕವರು ಕಣ್ರೀ, ಇನ್ನೂ ಗಟ್ಟಿಯಾಗೇ ಅದೆ!" ಮೇಷ್ಟ್ರು ಮುಖದ ಒಂದು ಗೆರೆಯನ್ನೂ ಕದಲಿಸದೆ ಹೇಳಿದರು: "ಕಂಟ್ರೋಲ್ರೇ, ಹೋದ ಸಮಯ ಬರ್ಕೊಳಿ."

ಅಷ್ಟಕ್ಕೇ ನಿಂತಿದ್ದರೆ ಕಿಚ್ಚಿನ ಮಾತು ಬರುತ್ತಿರಲಿಲ್ಲ. ಮನೆಗೆ ಹೊರಟಾಗ ಅವಳು ಸುಮ್ಮನೆ ಮಾತಿಗೆ ಎಂಬಂತೆ, "ನೀಲಿ ಮಿಂಚುಳ್ಳಿ ನನ್ನ ಚೀಲದ ಮೇಲೇ ಕೂತಿತ್ತು. ಕುಂಡೆಕುಸ್ಕ ಎರಡು ಕಾಲತ್ರನೇ ಬಾಲ ಕುಣಿಸ್ತಿದ್ವು. ಗುಳುಮುಳುಕ ಮರಿ ಬೆನ್ನಿಗಾಕ್ಕೊಂಡು ಈಜ್ಕೊಂಡು ಓಗ್ತಿತ್ತು" ಎಂದು ಶುರು ಮಾಡಿದಳು. ಆ ಬೆಳಿಗ್ಗೆ ನನ್ನ ದುರ್ಬೀನಿಗೆ ಸಿಕ್ಕಿದ್ದು ಎರಡು ನೀರುಕಾಗೆ ಮತ್ತು ಒಂದು ಕವರು. ವಾರದಿಂದ ವಾರಕ್ಕೆ ಇದೇ ಕಥೆ. ನಾನು ಕಾಲಿಟ್ಟ ಕಡೆ ಹಕ್ಕಿ ಏಳುತ್ತಿತ್ತು, ಅವಳಿದ್ದ ಕಡೆ ಬಂದು ಇಳಿಯುತ್ತಿತ್ತು. ಕೊನೆಗೆ ಮಾನ ಬಿಟ್ಟು ಗುಟ್ಟೇನೆಂದು ಕೇಳಿದೆ.

"ಅಯ್ಯೋ, ಗುಟ್ಟೇನು ಬಂತು? ನಾಟಿ ಆಕೋವಾಗ ಬೆಳ್ಳಕ್ಕಿ ನಮ್ಮ ಕಾಲ ಸಂದೀಲೇ ಓಡಾಡ್ತವೆ. ಬಗ್ಗಿರೋರ್ನ ಕಂಡ್ರೆ, ಗೇಯೋ ಜನ ಅಂತ ಎದರಾಕಿಲ್ಲ. ನೀವು ಬಂದೂಕದೋರಂಗೆ ನೆಟ್ಟಗೆ ನಿಂತು ಗುರಿ ಇಡ್ತೀರ. ಎದರ್ದೆ ಇನ್ನೇನ್ಮಾಡ್ತವೆ?"

ಅವಳು ಹೇಳಿದ್ದು ನಿಜವೆಂದು ತಿಳಿದ ಮೇಲೆ ನನ್ನ ಕಿಚ್ಚು ಇಮ್ಮಡಿಯಾಯಿತು. ಸುಳ್ಳಿನ ಮೇಲೆ ಕೋಪ ಮಾಡಿಕೊಳ್ಳಬಹುದು, ನಿಜದ ಮೇಲೆ ಏನು ಮಾಡುವುದು? ಹಕ್ಕಿಯನ್ನೇ ಹುಡುಕದವಳಿಗೆ ಹಕ್ಕಿ ಒಲಿಯುವುದು, ಕೇಳದವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಂತೆ.

ಪುಷ್ಯದ ಒಂದು ಭಾನುವಾರ ಇಬ್ಬನಿ ಇನ್ನೂ ಕರಗಿರಲಿಲ್ಲ. ಮೇಷ್ಟ್ರು, ನಾಗೇಂದ್ರ ಇಬ್ಬರೂ ಏರಿಯ ಆ ತುದಿಯಲ್ಲಿದ್ದರು. ನಾನು ಒಂದು ಮತ್ತಿಮರದ ಮರೆಯಲ್ಲಿ ಖಾಲಿ ಆಕಾಶವನ್ನು ನೋಡುತ್ತ ನಿಂತಿದ್ದೆ. ಭಾಗ್ಯ ಮೆಲ್ಲಗೆ ಬಂದು ನನ್ನ ತೋಳು ಮುಟ್ಟಿದಳು.

"ರೀ, ನಿಮ್ಮ ಬಾತು ಬಂದವೆ. ಜೊಂಡಿನಾಚೆ ಮೇಯ್ತಾ ಅವೆ. ಮೆಲ್ಲುಕೆ ಬಗ್ಗಿ ಬನ್ನಿ, ಉಸ್ರು ಬುಡಬೇಡಿ."

ನಿಮ್ಮ ಬಾತು ಎಂದಳು! ಮೊದಲು ನನಗೇ ಹೇಳಲು ಓಡಿ ಬಂದಿದ್ದಳು, ಪಾಪ. ನನ್ನ ತಲೆಯಲ್ಲಿ ಓಡಿದ್ದೇ ಬೇರೆ. ಇವಳು ಬಾಯಿ ಬಿಡುವ ಮುಂಚೆ ನಾನು ಕೂಗಿಬಿಟ್ಟರೆ ಪುಟ ನನ್ನದು. ಬಗ್ಗಲಿಲ್ಲ, ನೋಡಲೂ ಇಲ್ಲ. ಎದೆಯುಬ್ಬಿಸಿ ನಿಂತು, ಮೂವತ್ತು ವರ್ಷ ಬಸ್ಸು ಕೂಗಿದ ಗಂಟಲಿನಿಂದ, "ಬಂದ್ವು! ಬಂದ್ವು! ಪಟ್ಟೆತಲೆ ಬಂದ್ವು!" ಎಂದು ಘೋಷಿಸಿದೆ.

ಕೆರೆಯೇ ಎದ್ದು ಹೋದಂತಾಯಿತು. ಜೊಂಡಿನಾಚೆಯಿಂದ ಗದ್ದಲವೆದ್ದು ಇಡೀ ಹಿಂಡು ಇಬ್ಬನಿಯೊಳಗೆ ಕರಗಿತು. ನನಗೆ ಕಂಡದ್ದು ಕೆಲವು ಹಿಂಭಾಗಗಳು. ಮೇಷ್ಟ್ರು, ನಾಗೇಂದ್ರ ಏದುಸಿರು ಬಿಡುತ್ತ ಓಡಿಬಂದರು.

"ಏನ್ ಸಾರ್, ಬಸ್ಸಿಗೆ ರೈಟ್ ಏಳ್ದಂಗೆ ಏಳಿ ಕಳಿಸ್ಬುಟ್ರಲ್ಲ!" ಎಂದು ನಾಗೇಂದ್ರ ಕ್ಯಾಮೆರಾದ ಮುಚ್ಚಳ ಹಾಕಿದ.

ಮೇಷ್ಟ್ರು ಕೊನೆಯ ಪುಟ ತೆರೆದರು. "ಮೊದ್ಲು ನೋಡ್ದೋರ್ಯಾರು?"

"ಅವ್ರೇ ಬುಡಿ ಮೇಷ್ಟ್ರೇ" ಎಂದಳು ಭಾಗ್ಯ, ಚೀಲದ ಬಾಯಿ ಕಟ್ಟುತ್ತ. ನನ್ನ ಮುಖವನ್ನು ನೋಡಿಯೇ ಕೊಟ್ಟಿದ್ದಳು, ಮಿಕ್ಕ ದೋಸೆಯನ್ನು ನನ್ನ ತಟ್ಟೆಗೆ ಹಾಕುವ ಹಾಗೆ.

"ಸರಿ. ಎಷ್ಟಿದ್ವು? ಏನ್ ಮಾಡ್ತಿದ್ವು?"

ನಾನು ದುರ್ಬೀನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸತೊಡಗಿದೆ. ಗಾಜು ಆಗಲೇ ಚೊಕ್ಕಟವಾಗಿತ್ತು. ತಡೆಯಲಾರದೆ ಭಾಗ್ಯಳೇ ಹೇಳಿದಳು: "ಇಪ್ಪತ್ಮೂರು. ಮೇಯ್ತಿದ್ವು. ಒಂದು ಮಾತ್ರ ಕುಂಟ್ತಿತ್ತು ಕಣ್ರೀ, ಕಾಲ್ಗೆ ಹರ್ದೋದ ಬಲೆ ದಾರ ಸುತ್ಕೊಂಡಿತ್ತು. ಓಗ್ದೆ ಅಲ್ಲೇ ಇದ್ದಿದ್ರೆ ಏನಾರ ಮಾಡಬೋದಿತ್ತೇನೋ."

ಯಾರೂ ನನ್ನತ್ತ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು. "ನೋಡ್ದೋಳು ಅವ್ಳೇ" ಎಂದೆ. ಜೀವನದಲ್ಲಿ ಮೊದಲ ಬಾರಿಗೆ ಸಣ್ಣ ದನಿಯಲ್ಲಿ. ಮೇಷ್ಟ್ರು 'ಭಾಗ್ಯಮ್ಮ' ಎಂದು ದುಂಡಗೆ ಬರೆದು, ಸಾಕ್ಷಿಯ ಜಾಗಕ್ಕೆ ನನ್ನ ರುಜು ಹಾಕಿಸಿದರು. ಸತ್ಯ ಹೇಳಿದ್ದಕ್ಕೆ ಯಾರಾದರೂ ಬೆನ್ನು ತಟ್ಟಿಯಾರೆಂದು ಸ್ವಲ್ಪ ಹೊತ್ತು ನಿಂತೆ. ಎಲ್ಲರೂ ಜೊಂಡಿನ ಕಡೆ ಬಲೆಯ ದಾರ ಹುಡುಕಲು ಹೋಗಿದ್ದರು.

ಮುಂದಿನ ಭಾನುವಾರ ನಾನೂ ಒಂದು ಚೀಲ ಹಿಡಿದೆ. ದಾರಗಳನ್ನು ಬಿಡಿಸಿ ತೆಗೆಯುವುದು ಪ್ರಾಯಶ್ಚಿತ್ತವೆಂದು ಹೊರಗೆ ಹೇಳಿಕೊಂಡೆ. ಬಗ್ಗಿದರೆ ಹಕ್ಕಿ ಬಂದಾವು ಎಂಬ ಆಸೆ ಒಳಗಿತ್ತು. ಅರ್ಧ ಚೀಲ ತುಂಬುವಷ್ಟರಲ್ಲಿ ಸೊಂಟದಲ್ಲಿ ಕಳಕ್ ಎಂದಿತು. ಮೇಲೇಳಲು ಬಾರದು, ಕೂರಲು ಬಾರದು. ಎರಡು ಕೈಯನ್ನೂ ಮೊಣಕಾಲಿಗೆ ಊರಿ ಹಾಗೆಯೇ ನಿಂತೆ. ಅದೇ ಗಳಿಗೆಯಲ್ಲಿ ನನ್ನ ಪಕ್ಕಕ್ಕೆ ಏನೋ ಬಂದಿಳಿಯಿತು. ತಲೆ ಎತ್ತಲಾಗದ ನನಗೆ ಕಂಡದ್ದು ಎರಡು ಹಸಿರು ಹಳದಿ ಕಾಲು ಮಾತ್ರ.

"ಭಾಗ್ಯಾ, ಯಾವ ಹಕ್ಕೀನೇ ಇದು?"

"ಮಾತಾಡ್ಬೇಡಿ! ಬಕ ಕಣ್ರೀ, ಏನ್ ಚೆಂದಾಗದೆ! ಅಂಗೇ ಇರಿ, ಅಲ್ಲಾಡ್ಬೇಡಿ."

ಅವಳು ದಡದ ಮೇಲಿಟ್ಟಿದ್ದ ನನ್ನ ದುರ್ಬೀನನ್ನೇ ಎತ್ತಿಕೊಂಡು ನಮ್ಮ ಕಡೆ ತಿರುಗಿಸಿದ್ದು ತೋಳಿನ ಸಂದಿಯಿಂದ ಕಂಡಿತು. ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಮದುವೆಯಾದಂದಿನಿಂದ ಅವಳು ನಾನಿರುವ ದಿಕ್ಕಿಗೆ ಅಷ್ಟು ಹೊತ್ತು, ಅಷ್ಟು ಅಕ್ಕರೆಯಿಂದ ನೋಡಿದ್ದು ಅದೇ ಮೊದಲು. ಅಷ್ಟು ದಿನ ಅವಳ ಮೇಲಿದ್ದ ಹೊಟ್ಟೆಕಿಚ್ಚು ನಿಂತ ನಿಲುವಿನಲ್ಲೇ ಪಕ್ಕದ ಎರಡು ಕಾಲುಗಳ ಮೇಲಕ್ಕೆ ವರ್ಗವಾಯಿತು. ತಡೆಯಲಾಗಲಿಲ್ಲ. ಯಾರಿಗೂ ಕೇಳದಂತೆ, ಹಲ್ಲಿನ ಸಂದಿಯಿಂದ "ಹುಶ್" ಎಂದೆ.

ಬಕ ಕದಲಲಿಲ್ಲ. ಒಂದು ಹೆಜ್ಜೆ ಹತ್ತಿರಕ್ಕೇ ಬಂದು ನಿಂತಿತು.