ಮೇಜರ್ ಈ ತಿಂಗಳು ಯಾರ ಮನೆಗೆ?

ಹಲ್ಲುನೋವಿಗೆ ಒಳ್ಳೆಯ ದಿನ ಅಂತ ಯಾವುದೂ ಇಲ್ಲ, ನಿಜ. ಆದರೂ ಮರ್ವ್ ಟಕ್‌ವೆಲ್‌ನ ದವಡೆ ಹಲ್ಲು ತಿಂಗಳ ಮೊದಲ ಬುಧವಾರವೇ ಕೈಕೊಡಬೇಕಿತ್ತೇ? ಆ ದಿನ ಮಧ್ಯಾಹ್ನ ಟೌನ್ಸ್‌ವಿಲ್‌ನ ಕಡಲ ದಂಡೆಯ ಕ್ಯಾಸಿನೋದಲ್ಲಿ ಗೆಳೆಯರ ಪೋಕರ್ ಇರುತ್ತದೆ. ತಪ್ಪಿಸುವಂತಿಲ್ಲ. ತಪ್ಪಿಸಿದವನು ಸೋತಂತೆ ಲೆಕ್ಕ. ಸೋತವನ ಮನೆಗೆ ಮೇಜರ್ ಬರುತ್ತಾನೆ.

ಮೇಜರ್ ಎಂದರೆ ಗಿಣಿ ಜಾತಿಯ ಕಾಕಟೂ. ಮೈಯೆಲ್ಲ ಬಿಳಿ, ತಲೆಯ ಮೇಲೆ ಹಳದಿ ಜುಟ್ಟು, ಕೇಳಿದ್ದನ್ನೆಲ್ಲ ಒಪ್ಪಿಸುವ ಬಾಯಿ. ಈ ಪೋಕರ್ ಕೂಟ ಕಟ್ಟಿದ ಕ್ಲೈವ್ ಕಣ್ಮುಚ್ಚುವ ಮುಂಚೆ, "ನನ್ ಹಕ್ಕೀನ ನೀವೇ ನೋಡ್ಕೊಳ್ಳಿ" ಎಂದಿದ್ದ. ಯಾರು ಎಂದು ಹೇಳಲು ಪುರುಸೊತ್ತಾಗಲಿಲ್ಲ. ಹಾಗಾಗಿ ಪ್ರತಿ ತಿಂಗಳೂ ಎಲ್ಲರಿಗಿಂತ ಮೊದಲು ಪಣದ ಬಿಲ್ಲೆಗಳನ್ನೆಲ್ಲ ಕಳೆದುಕೊಂಡು ಎದ್ದವರು ಮುಂದಿನ ಆಟದವರೆಗೆ ಹಕ್ಕಿಯನ್ನು ಸಾಕಬೇಕೆಂದು ತೀರ್ಮಾನವಾಯಿತು. ಹಕ್ಕಿ ಸರದಿಯಂತೆ ಮನೆಮನೆ ಸುತ್ತುತ್ತದೆ ಎಂದುಕೊಂಡಿದ್ದರು. ವರ್ಷವಾಗುತ್ತ ಬಂತು, ಅದು ಮರ್ವ್‌ನ ಮನೆ ಬಿಟ್ಟು ಕದಲಿರಲಿಲ್ಲ.

ಕಿಟಕಿಯ ಚೌಕಟ್ಟು ಕಡಿದು ಪುಡಿ ಮಾಡಿದ್ದನ್ನು ಮರ್ವ್‌ನ ಹೆಂಡತಿ ನೊಯ್ಲೀನ್ ಹೇಗೋ ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಅದರ ಬೆಳಗಿನ ಮಾತು. ಸೂರ್ಯ ಹುಟ್ಟುವ ಹೊತ್ತಿಗೆ ಸರಿಯಾಗಿ ಅದು ಸಕ್ಕರೆ ಪಾಕದಂಥ ಹೆಣ್ಣಿನ ದನಿಯಲ್ಲಿ, "ಹೇಳು ಬಂಗಾರ, ಬಿಸ್ಕತ್ತು ಕೊಡ್ತೀನಿ" ಎನ್ನುತ್ತಿತ್ತು.

"ಯಾರಿವಳು?" ಎಂದು ನೊಯ್ಲೀನ್ ಕೇಳಿದ್ದಳು.

"ಕ್ಲೈವ್ ಹೆಂಡ್ತಿ ಇರ್ಬೇಕು."

"ಕ್ಲೈವ್‌ಗೆ ಮದುವೇನೇ ಆಗಿರ್ಲಿಲ್ಲ."

ಆ ಬುಧವಾರ ಕೆನ್ನೆ ಊದಿಸಿಕೊಂಡು ಹೊರಟ ಗಂಡನಿಗೆ ಅವಳು ಬಾಗಿಲಲ್ಲೇ ಹೇಳಿದಳು. "ನೋಡು, ಇವತ್ತು ಆ ಹಕ್ಕಿ ವಾಪಸ್ ಬಂತೋ, ನಾನು ಮಕಾಯ್‌ಗೆ, ಅಕ್ಕನ ಮನೆಗೆ. ಆಮೇಲೆ ನಿಂಗೆ ಅಡುಗೆ ಮಾಡಿ ಹಾಕೋಕೆ ನಿನ್ ಬಂಗಾರೀನೇ ಕರ್ಕೋ."

ಹಲ್ಲಿನ ಡಾಕ್ಟರು ಸೂಜಿ ಚುಚ್ಚಿ, ಹಲ್ಲು ಕಿತ್ತು, ಹತ್ತಿ ತುರುಕಿ ಕಳಿಸುವಷ್ಟರಲ್ಲಿ ತಡವಾಗಿತ್ತು. ಮರ್ವ್ ಹಿಂದೆ ಸಾಮಾನು ಹೇರುವ ತನ್ನ ಯೂಟ್ ಗಾಡಿ ಓಡಿಸಿಕೊಂಡು ಬಂದು ಕ್ಯಾಸಿನೋದ ತಂಪು ನೆಲಮಾಳಿಗೆಯಲ್ಲಿ ನಿಲ್ಲಿಸಿ, ಅದರ ಹಿಂದೆ ಇಟ್ಟಿದ್ದ ಮೇಜರ್‌ನ ಪಂಜರದ ಮೇಲೆ ಕಣ್ಣಿಡುವಂತೆ ಕಾವಲುಗಾರನಿಗೆ ಹೇಳಿ ಮೇಲಕ್ಕೆ ಓಡಿದ. ಉಳಿದ ತಿಂಗಳುಗಳಲ್ಲಿ ಹೀಗಲ್ಲ. ಅವನು ಮೇಜು ಹಿಡಿಯಲು ಮೊದಲು ಮೇಲೆ ಹೋದರೆ, ಮಿಕ್ಕ ಮೂವರು "ಮೇಜರ್‌ನ ಸ್ವಲ್ಪ ಮಾತಾಡ್ಸಿ ಬರ್ತೀವಿ" ಎಂದು ಕೆಳಗೇ ಉಳಿಯುತ್ತಿದ್ದರು. ಎಷ್ಟು ಒಳ್ಳೆಯ ಜನ ಎಂದು ಮರ್ವ್‌ನ ಕರುಳು ಕರಗುತ್ತಿತ್ತು. ಇಂದು ಮೂವರೂ ಆಗಲೇ ಮೇಜಿನ ಸುತ್ತ ಕೂತು ಗಡಿಯಾರ ನೋಡುತ್ತಿದ್ದರು.

ಗ್ಲೆನಿಸ್, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನ ಅಧ್ಯಕ್ಷೆ. ಮೈದಾನದ ಈ ತುದಿಯಲ್ಲಿ ನಿಂತು ಗದರಿದರೆ ಆ ತುದಿಯಲ್ಲಿ ಉರುಳುವ ಚೆಂಡು ನಿಲ್ಲಬೇಕು, ಅಂಥ ಗಂಟಲು. ಸ್ಟಾವ್ರೋಸ್‌ಗೆ ಮೀನಿನ ಅಂಗಡಿ. ಕಾಲ್ ನಿವೃತ್ತ ಬಸ್ ಡ್ರೈವರು, ಇಂದಿಗೂ ಯಾರನ್ನೂ ಹೊತ್ತು ಮೀರಿ ಕಾಯದವನು.

"ಏನ್ ಮರ್ವ್, ಮುಖಕ್ಕೆ ಇಸ್ತ್ರಿ ಹಾಕ್ಸ್ಕೊಂಡ್ ಬಂದ್ಯಾ?" ಎಂದ ಕಾಲ್.

ಆಗ ಮರ್ವ್‌ಗೆ ಹೊಳೆಯಿತು. ಕಿವಿಯಿಂದ ಗದ್ದದವರೆಗೆ ಮುಖ ಮರಗಟ್ಟಿದೆ! ವರ್ಷವಿಡೀ ತನ್ನನ್ನು ಸೋಲಿಸಿದ್ದು ಈ ಹಾಳು ಮುಖವೇ ಎಂದು ಅವನ ನಂಬಿಕೆ. ಒಳ್ಳೆಯ ಎಲೆ ಬಂದರೆ ಹಿಗ್ಗುತ್ತದೆ, ಕೆಟ್ಟದ್ದು ಬಂದರೆ ಬಾಡುತ್ತದೆ, ಅದಕ್ಕೇ ಇವರು ತನ್ನನ್ನು ತೆರೆದ ಪುಸ್ತಕದಂತೆ ಓದುತ್ತಾರೆ. ಹೇಗೆ ಆಡಬೇಕೆಂದು ಮನೆಯಲ್ಲಿ ರಾತ್ರಿ ರಾತ್ರಿ ಗಟ್ಟಿಯಾಗಿ ಹೇಳಿಕೊಂಡು ಎಷ್ಟು ತಾಲೀಮು ಮಾಡಿದರೂ ಇಲ್ಲಿ ಬಂದೊಡನೆ ಅವನ ಲೆಕ್ಕವೆಲ್ಲ ಅವರ ಅಂಗೈಯಲ್ಲಿ ಇರುತ್ತಿತ್ತು. ಇಂದು ಓದಿ ನೋಡಲಿ.

ಲಿಗಾಯ ಎಲೆ ಹಂಚಿದಳು. ಕ್ಯಾಸಿನೋದ ಈ ಹುಡುಗಿ ಬುಧವಾರದ ಈ ಮುದುಕರ ಮೇಜಿಗೆ ಬೇಡಿಕೊಂಡು ಬರುತ್ತಿದ್ದಳಂತೆ, ಅಷ್ಟು ಮಜಾ. ಮರ್ವ್ ಇಬ್ಬರು ರಾಜರನ್ನು ಹಿಡಿದು ಬೊಂಬೆಯಂತೆ ಕೂತ. ಗೆದ್ದ. ಕೈಯಲ್ಲಿ ಏನೂ ಇಲ್ಲದೆ ಬಿಲ್ಲೆಗಳನ್ನು ಮುಂದೆ ದೂಡಿದ. ಎಲ್ಲರೂ ಎಲೆ ಒಗೆದರು. ಮತ್ತೆ ಗೆದ್ದ. ಕಾಫಿ ಕುಡಿಯಹೋದರೆ ಅದು ತುಟಿಯ ಮೂಲೆಯಿಂದ ಅಂಗಿಯೊಳಕ್ಕೆ ಇಳಿಯುತ್ತಿತ್ತು. ಆದರೇನು, ಅವನ ಮುಂದೆ ಬಿಲ್ಲೆಗಳು ಇಡ್ಲಿ ಪೇರಿಸಿದಂತೆ ಏಳುತ್ತಿದ್ದವು.

"ಇವ್ನಿಗೆ ಇವತ್ತು ಏನಾಗಿದೆ?" ಎಂದ ಸ್ಟಾವ್ರೋಸ್, ಮರ್ವ್ ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ.

ಗ್ಲೆನಿಸ್‌ಳ ಮುಂದೆ ಬಿಲ್ಲೆ ಬೆರಳೆಣಿಕೆಯಷ್ಟು ಉಳಿದಾಗ ವಿರಾಮ ಬಂತು. ಮೂವರೂ ಒಟ್ಟಿಗೆ ಎದ್ದರು. "ಪಾಪ, ಮೇಜರ್‌ಗೆ ನೀರು ಕೊಟ್ಟು ಬರ್ತೀವಿ" ಎಂದು ಕಾಲ್ ಎಲ್ಲರಿಗಿಂತ ಮುಂದೆ ಓಡಿದ. ಮರ್ವ್ ಬಚ್ಚಲಿಗೆ ಹೋಗಿ ಅಂಗಿಯ ಕಾಫಿ ತೊಳೆದುಕೊಂಡ. ಅವರು ಹಿಂತಿರುಗಿದಾಗ ಮೂವರ ಮುಖದಲ್ಲೂ ಹೊಸ ಕಳೆ ಇತ್ತು, ಗ್ಲೆನಿಸ್‌ಳ ರವಿಕೆಯ ಮೇಲೆ ಬಿಸ್ಕತ್ತಿನ ಪುಡಿ.

"ಇರ್ಲಿ ಮರ್ವ್," ಎಂದಳು ಅವಳು ಕೂರುತ್ತ. "ಸೋತ್ರೆ ಸೋತೆ. ಈ ತಿಂಗಳು ಮೇಜರ್ ನಮ್ಮನೇಲಿ. ನಿನ್ ಹತ್ರ ಏನೇನ್ ಕಲ್ತಿದೆಯೋ, ಕೂತು ಕೇಳ್ತೀನಿ."

ಮರ್ವ್‌ನ ಮುಖ ಮರಗಟ್ಟಿತ್ತು, ತಲೆ ಮರಗಟ್ಟಿರಲಿಲ್ಲ. ಅದಕ್ಕೆ ಗ್ಲೆನಿಸ್‌ಳ ಕೇಕು ನೆನಪಾಯಿತು.

ವಿಷಯ ಹೀಗಿತ್ತು. ಗ್ಲೆನಿಸ್ ಪ್ರತಿ ವಾರ ಅವನಿಗೆ ಲ್ಯಾಮಿಂಗ್ಟನ್ ಮಾಡಿ ಕೊಡುತ್ತಿದ್ದಳು. ಚಾಕೊಲೇಟಿನಲ್ಲಿ ಅದ್ದಿ ಕೊಬ್ಬರಿ ತುರಿಯಲ್ಲಿ ಹೊರಳಿಸಿದ ಕೇಕಿನ ತುಂಡುಗಳು, ಬೇರೆಯವರ ಕೈಯಲ್ಲಿ ಹತ್ತಿಯಂತಿರುತ್ತವೆ. ಮರ್ವ್ ಅವಳೆದುರು "ಆಹಾ" ಎನ್ನುವನು, ಮನೆಗೆ ತಂದು ಮೇಜರ್‌ನ ಮುಂದಿಟ್ಟು, "ತಿನ್ನಪ್ಪ, ಗ್ಲೆನಿಸ್ ಸಿಮೆಂಟು" ಎನ್ನುವನು. ವರ್ಷವಿಡೀ ಎಂದಿದ್ದಾನೆ. ಶನಿವಾರದ ಬೌಲ್ಸ್ ಜಿಲ್ಲಾ ಫೈನಲ್‌ಗೆ ತಂಡ ಆರಿಸುವವಳು ಈ ಗ್ಲೆನಿಸ್ಸೇ. ನಾಯಕನ ಜಾಗ ಮರ್ವ್‌ಗೆ ಎಂದು ಮಾತು ಕೊಟ್ಟಾಗಿತ್ತು. ಹಕ್ಕಿ ಅವಳ ಮನೆಯಲ್ಲಿ ಒಂದು ಬೆಳಗು ಬಾಯಿಬಿಟ್ಟರೆ ಸಾಕು, ನಾಯಕತ್ವ ಹೋಗಲಿ, ಕ್ಲಬ್ಬಿನ ಗೇಟೂ ತೆರೆಯುವುದಿಲ್ಲ.

ನೊಯ್ಲೀನ್‌ಳನ್ನು ಹೇಗಾದರೂ ಸಮಾಧಾನ ಮಾಡಬಹುದು, ಗ್ಲೆನಿಸ್‌ಳನ್ನು ದೇವರೂ ಮಾಡಲಾರ. ಸೋಲಬೇಕು. ಅವಳಿಗಿಂತ ಮೊದಲು, ಈಗಲೇ ಸೋಲಬೇಕು.

ಎಲೆ ಬಂದದ್ದೇ ಮರ್ವ್ ನೋಡಲೂ ಇಲ್ಲ, ಇದ್ದ ಬಿಲ್ಲೆಗಳನ್ನೆಲ್ಲ ಎರಡೂ ತೋಳಿಂದ ನಡುವಿಗೆ ತಳ್ಳಿದ. ಯಾರಾದರೂ ಎದುರು ನಿಲ್ಲಲಿ, ಸೋತು ಮನೆಗೆ ಹೋಗೋಣ.

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಕಾಲ್ ಎಲೆ ಒಗೆದ. ಸ್ಟಾವ್ರೋಸ್ ಒಗೆದ. ಗ್ಲೆನಿಸ್ ತುಟಿ ಕಚ್ಚಿಕೊಂಡು ಒಗೆದಳು.

"ಯಾರೂ ಬರಲ್ವಾ?" ಮರ್ವ್‌ನ ದನಿ ಹತ್ತಿಯೊಳಗಿಂದ ಅಳುತ್ತ ಬಂತು.

"ನಾವೇನ್ ಹುಚ್ಚರಾ?" ಎಂದ ಸ್ಟಾವ್ರೋಸ್. "ಎಕ್ಕ ಇಟ್ಕೊಂಡಿದೀಯ ಅಂತ ಗೊತ್ತಿಲ್ವಾ ನಮ್ಗೆ?"

ಮುಂದಿನ ಆಟದಲ್ಲೂ ತಳ್ಳಿದ. ಅದರ ಮುಂದಿನದರಲ್ಲೂ ತಳ್ಳಿದ. ಅವನು ತಳ್ಳಿದಂತೆಲ್ಲ ಅವರು ಹಾವು ಕಂಡಂತೆ ಹಿಂದೆ ಸರಿದರು. ಎಲೆ ಒಗೆದರೂ ಸರದಿಯ ಪಾಲು ನಡುವಿಗೆ ಹಾಕಲೇಬೇಕಲ್ಲ, ಹಾಗೆ ಹಾಕುತ್ತ ಹಾಕುತ್ತ ಗ್ಲೆನಿಸ್ ಸವೆದೇಹೋದಳು. ಮರ್ವ್ ಬೇಡವೆಂದರೂ ಐಶ್ವರ್ಯ ಅವನ ಮೇಲೆ ಬಿದ್ದು ಹೊರಳಾಡುತ್ತಿತ್ತು. ಲಿಗಾಯ ಬಾಯಿಗೆ ಕೈ ಅಡ್ಡ ಹಿಡಿದು ಕೆಮ್ಮುತ್ತಿದ್ದಳು. ಅದು ಕೆಮ್ಮಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಗ್ಲೆನಿಸ್ ತಾನೇ ಉಳಿದಷ್ಟನ್ನೂ ತಳ್ಳಿದಳು. ಮರ್ವ್ ತನ್ನ ಎಲೆ ಎತ್ತಿ ನೋಡಿದ. ಎರಡು ಮತ್ತು ಏಳು. ಪೋಕರ್‌ನಲ್ಲಿ ಇದಕ್ಕಿಂತ ದರಿದ್ರ ಜೋಡಿ ಇಲ್ಲ. ಅವನಿಗೆ ಆನಂದಬಾಷ್ಪ ಬಂತು. ಇಷ್ಟಾದರೂ ಅವಳಿಗೆ ಹೋಗಲಿ ಎಂದು ಎದುರು ನಿಂತ. ಗ್ಲೆನಿಸ್ ಎಲೆ ತಿರುಗಿಸಿದಳು. ಇಬ್ಬರು ರಾಣಿಯರು.

"ಗೆದ್ದೆ ಗ್ಲೆನಿಸ್, ಗೆದ್ದೆ" ಎಂದು ಮರ್ವ್ ಕೈ ಚಾಚುವಷ್ಟರಲ್ಲಿ ಲಿಗಾಯ ಎಲ್ಲರಿಗೂ ಸೇರಿದ ನಡುವಿನ ಎಲೆಗಳನ್ನು ತೆರೆದಳು. ಏಳು. ಎರಡು. ಮತ್ತೊಂದು ಏಳು. ಆಮೇಲೆ ತೆರೆದ ಎರಡು ಎಲೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಗ್ಲೆನಿಸ್ ಸೋತಳು ಸರಿ, ಆದರೆ ಕಾಲ್ ಮತ್ತು ಸ್ಟಾವ್ರೋಸ್‌ರ ಮುಖ ಯಾಕೆ ಅಷ್ಟು ಬಾಡಬೇಕು? ಅದನ್ನು ಯೋಚಿಸಲು ಮರ್ವ್‌ಗೆ ವ್ಯವಧಾನವಿರಲಿಲ್ಲ.

"ಮೇಜರ್‌ನ ನಾನೇ ಕರ್ಕೊಂಡ್ ಹೋಗ್ತೀನಿ," ಎಂದ. "ಅದನ್ನ ಬಿಟ್ಟು ಇರೋಕಾಗಲ್ಲ ನಂಗೆ. ದಮ್ಮಯ್ಯ ಅಂತೀನಿ."

ಮೂವರ ಕಣ್ಣೂ ಒಮ್ಮೆಲೇ ಬೆಳಗಿದವು. ಗ್ಲೆನಿಸ್ ಕೆಮ್ಮಿ, ಅಧ್ಯಕ್ಷೆಯ ಗತ್ತಿಗೆ ಬಂದಳು. "ತಿಂಗ್ಳಿಗೊಂದ್ಸಲ ಮನಸ್ಸು ಬದಲಾಯಿಸ್ತೀನಿ ಅಂದ್ರೆ ನಡೆಯಲ್ಲ. ಒಂದ್ ವರ್ಷ ಪೂರ್ತಿ ಇಟ್ಕೊಳ್ಳೋದಾದ್ರೆ ಕೊಡ್ತೀನಿ."

"ಒಂದ್ ವರ್ಷ," ಎಂದು ಮರ್ವ್ ಲಿಗಾಯಳ ಸಾಕ್ಷಿಯಲ್ಲಿ ಗ್ಲೆನಿಸ್‌ಳ ಕೈ ಕುಲುಕಿದ. ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ಎಲ್ಲರೂ ಅವನನ್ನು ಬೀಳ್ಕೊಡಲು ನೆಲಮಾಳಿಗೆಗೆ ಬಂದರು. ಗ್ಲೆನಿಸ್‌ಳನ್ನು ಕಂಡೊಡನೆ ಮೇಜರ್ ಜುಟ್ಟು ನಿಮಿರಿಸಿ, ಸಕ್ಕರೆ ಪಾಕದ ಆ ದನಿಯಲ್ಲಿ ಶುರು ಮಾಡಿತು.

"ಹೇಳು ಬಂಗಾರ, ಬಿಸ್ಕತ್ತು ಕೊಡ್ತೀನಿ. ಮರ್ವ್ ಈ ಸಲ ಏನಂದ?"

ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಸಾಕ್ಷಾತ್ ಮರ್ವ್‌ನದೇ ದನಿಯಲ್ಲಿ ಉತ್ತರ ಕೊಟ್ಟಿತು. "ಈ ಸಲ ಎಕ್ಕ ಬಂದ್ರೆ ಮಾತ್ರ ಎಲ್ಲಾ ತಳ್ಳೋದು. ತಿನ್ನಪ್ಪ, ಗ್ಲೆನಿಸ್ ಸಿಮೆಂಟು."

ಕಾಲ್ ತನ್ನ ಬೂಟು ನೋಡಿಕೊಂಡ. ಸ್ಟಾವ್ರೋಸ್ ಚಾವಣಿ ನೋಡಿದ. ಗ್ಲೆನಿಸ್‌ಗೆ ಇಂಥ ಜೇನಿನ ಗಂಟಲೂ ಇದೆಯೆಂದು ಮರ್ವ್ ಕನಸಿನಲ್ಲೂ ಎಣಿಸಿರಲಿಲ್ಲ. ತನ್ನ ಮುಖವನ್ನು ಆ ಮೇಜಿನಲ್ಲಿ ಯಾರೂ ಯಾವತ್ತೂ ನೋಡಿಯೇ ಇರಲಿಲ್ಲ ಎಂದು ಅವನಿಗೆ ಈಗ ಅರ್ಥವಾಯಿತು.

"ನಿಂಗೆ... ಸಿಮೆಂಟು ವಿಷಯ ಮೊದಲೇ ಗೊತ್ತಿತ್ತಾ?"

"ಮೊದಲನೇ ತಿಂಗಳಿಂದ," ಎಂದಳು ಗ್ಲೆನಿಸ್. "ಇಲ್ದಿದ್ರೆ ವಾರವಾರ ನಿನ್ನೊಬ್ಬನಿಗೇ ಯಾಕೆ ಮಾಡ್ಕೊಡ್ತಿದ್ದೆ?" ತನ್ನ ಕಾರಿನಿಂದ ದೊಡ್ಡದೊಂದು ಡಬ್ಬಿ ತಂದು ಯೂಟಿನ ಸೀಟಿನ ಮೇಲಿಟ್ಟಳು. "ಶನಿವಾರ ನಾಯಕ ನೀನೇ. ಶಕ್ತಿ ಬೇಕು, ತಿನ್ನು."

ಮರ್ವ್ ಗಾಡಿ ಹೊರಡಿಸಿದ. ಸೂಜಿಯ ಮಂಪರು ಇಳಿಯುತ್ತಿತ್ತು, ಹಲ್ಲು ಕಿತ್ತ ಜಾಗ ಸುತ್ತಿಗೆಯಲ್ಲಿ ಹೊಡೆದಂತೆ ಮಿಡಿಯತೊಡಗಿತ್ತು. ಕಡಲ ದಂಡೆ ದಾಟುವ ಮುಂಚೆಯೇ ನೊಯ್ಲೀನ್‌ಳ ಫೋನು ಬಂತು. ಅವನು ರಸ್ತೆ ಬದಿಗೆ ನಿಲ್ಲಿಸಿ ಎತ್ತಿದ.

"ಏನಾಯ್ತು? ತೊಲಗ್ತಾ ಹಕ್ಕಿ?"

ಮರ್ವ್ ನೋಯುವ ದವಡೆ ಬಿಡಿಸಿ ಏನು ಹೇಳಲಿ ಎಂದು ತಡಕಾಡುತ್ತಿರುವಾಗಲೇ ಹಿಂದಿನಿಂದ ಉತ್ತರ ಹೋಯಿತು. "ಹೇಳು ಬಂಗಾರ."

ಆ ಕಡೆ ಸೂಟ್‌ಕೇಸಿನ ಜಿಪ್ ಎಳೆದದ್ದು ಕೇಳಿಸಿತು.

"ನಾನು ಮಕಾಯ್‌ಗೆ ಹೊರಟೆ," ಎಂದಳು ನೊಯ್ಲೀನ್. "ಅಡುಗೆ ಮಾಡಿಲ್ಲ. ಗ್ಲೆನಿಸ್ ಏನೋ ಕೊಟ್ಟಿರ್ತಾಳಲ್ಲ, ಅದನ್ನೇ ತಿನ್ನು."