ಇನ್ನೂ ಹುಟ್ಟದ ಮರಿಯ ಬೆಳವಣಿಗೆ

ಮಾರ್ಚ್ ಹನ್ನೊಂದು, ಮಂಗಳವಾರ. ಬೆಳಿಗ್ಗೆ ಮೋಡವಿತ್ತು, ಆಮೇಲೆ ಒಣಗಾಳಿ. ನಮ್ಮ ಗಿಡ್ಡ ಕುದುರೆ ಸಂವರ್ಧನಾ ಕೇಂದ್ರದಲ್ಲಿ ಮೂರನೇ ನಂಬರಿನ ಕುದುರೆ ಅಂದು ಬೆಳಗಿನ ಜಾವ ಹೆಣ್ಣು ಮರಿ ಹಾಕಿತು. ಗಂಟೆಯೊಳಗೆ ಮರಿ ಎದ್ದು ನಿಂತು ಹಾಲು ಕುಡಿಯಿತು. ಮಧ್ಯಾಹ್ನ ಮೂರರ ಹೊತ್ತಿಗೆ, ಕಡತ ಪರಿಶೀಲಿಸಿ, ಅದು ಹುಟ್ಟಿಲ್ಲವೆಂದು ತೀರ್ಮಾನಿಸಲಾಯಿತು.

ಕಾರಣ ಸರಳ. ಗಬ್ಬದ ಕುದುರೆಗೆ ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿ, ಹೊಟ್ಟೆಯೊಳಗಿನ ಮರಿಯ ಕಣ್ಣುಗುಡ್ಡೆಯ ಅಗಲ ಅಳೆದು, ಯಂತ್ರದ ಜೊತೆ ಬಂದ ಕೋಷ್ಟಕದಲ್ಲಿ ಅದರ ವಯಸ್ಸು ಹುಡುಕಿ ಬರೆಯುವುದು ನಮ್ಮ ಕ್ರಮ. ಕೋಷ್ಟಕ ರೇಸಿನ ದೊಡ್ಡ ಕುದುರೆಗಳದ್ದು. ಅದರಲ್ಲಿ ಕಣ್ಣು ಮೂವತ್ತಾರು ಮಿಲಿಮೀಟರ್ ಆದರೆ ದಿನ ತುಂಬಿದಂತೆ. ನಮ್ಮ ಮರಿಯದು ಮೂವತ್ತು. ಅಂದರೆ ಎಂಟೂವರೆ ತಿಂಗಳು. ದಿನ ತುಂಬದೆ ಹುಟ್ಟಿದರೆ ಅದು ಅಕಾಲ ಪ್ರಸವ. ಅಕಾಲ ಪ್ರಸವಕ್ಕೆ ಲಾಯದವನ ನಿರ್ಲಕ್ಷ್ಯವೇ ಕಾರಣವೆಂದು ಹದಿನಾಲ್ಕನೇ ನಿಯಮ ಹೇಳುತ್ತದೆ. ಲಾಯದವನು ಹಂಗಾಮಿಯಾಗಿದ್ದರೆ ಮನೆಗೆ ಹೋಗತಕ್ಕದ್ದು. ನಮ್ಮವನು ಒಂಬತ್ತು ವರ್ಷದಿಂದ ಹಂಗಾಮಿ.

ಗಂಡು ಕೂಡಿಸಿದ ದಿನದಿಂದ ಲೆಕ್ಕ ಹಾಕಿದರೆ ಹನ್ನೊಂದು ತಿಂಗಳು ಕಳೆದಿದೆಯೆಂದು ಅವನು ಬೇಡಿಕೊಂಡ. ಲಾಯದ ಗೋಡೆಗೆ ಇದ್ದಿಲಿನಿಂದ ಎಳೆದ ಗೀಟುಗಳನ್ನು ತೋರಿಸಿದ. ಗೋಡೆಗೆ ಆವಕ ಸಂಖ್ಯೆ ಬಿದ್ದಿಲ್ಲವೆಂದು ಗುಮಾಸ್ತನಾದ ನಾನು ಗಮನಕ್ಕೆ ತಂದೆ.

ಅಧಿಕಾರಿಗಳು ಕರುಣೆಯುಳ್ಳವರು. "ನೋಡಪ್ಪಾ, ಹುಟ್ಟಿದೆ ಅಂದ್ರೆ ನಿನ್ನ ಕೆಲಸ ಹೋಗುತ್ತೆ. ಹುಟ್ಟಿಲ್ಲ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ. ನೀನೇ ಹೇಳು."

ಲಾಯದವನು ಮರಿಯ ಕಡೆ ನೋಡಿದ. ಅದು ಅಧಿಕಾರಿಗಳ ಅಂಗಿಯ ಅಂಚು ಚೀಪುತ್ತಿತ್ತು.

"ಹುಟ್ಟಿಲ್ಲ ಸಾರ್," ಅಂದ.

ಹುಟ್ಟದ ಮರಿಗೆ ಸ್ಕ್ಯಾನಿಂಗ್ ತಪ್ಪುವಂತಿಲ್ಲ. ಮೊದಲ ತಿಂಗಳು ಡಾಕ್ಟರು ತಾಯಿಯ ಹೊಟ್ಟೆಗೇ ಜೆಲ್ ಹಚ್ಚಿ, ಒಳಗೇನೂ ಕಾಣುತ್ತಿಲ್ಲವೆಂದರು. ಮರಿ ಕೊಂಚ ಸರಿದಿದೆಯೆಂದು ಅವರಿಗೆ ತಿಳಿಸಲಾಯಿತು. ಮುಂದಿನ ತಿಂಗಳಿನಿಂದ ಅವರು ಪಕ್ಕದಲ್ಲಿ ನಿಂತ ಮರಿಯ ರೆಪ್ಪೆಯ ಮೇಲೆ ಯಂತ್ರವಿಟ್ಟು ಅಳೆದರು. ಚಿತ್ರ ಹಿಂದೆಂದಿಗಿಂತ ಸ್ಪಷ್ಟವಾಗಿದೆಯೆಂದು ಷರಾ ಬರೆದರು. 'ಭ್ರೂಣದ ಚಲನೆ' ಎಂಬ ಕಾಲಮ್ಮಿನಲ್ಲಿ 'ಉತ್ತಮ' ಎಂದಿತ್ತು. ಮರಿ ಬೇಲಿ ಹಾರಿದ ತಿಂಗಳು 'ಅತ್ಯುತ್ತಮ' ಎಂದು ತಿದ್ದಲಾಯಿತು. ಅದರ ಬೆನ್ನಿಗೇ ಸುತ್ತೋಲೆಯೂ ಹೊರಟಿತು: "ಗರ್ಭದಲ್ಲಿರುವ ಮರಿಗಳು ಕಚೇರಿ ಆವರಣದಲ್ಲಿ ಓಡಾಡುವಾಗ ತಾಯಿಯ ಜೊತೆಗಿರತಕ್ಕದ್ದು."

ಹುಟ್ಟದ ಮರಿಗೆ ಮೇವು ಮಂಜೂರಿಲ್ಲ. ತಾಯಿಯ ಪಾಲು ಇಬ್ಬರಿಗೆ ಸಾಲದಾದಾಗ ಲಾಯದವನ ಹೆಂಡತಿ ಮನೆಯ ಕಾಳು ತಂದು ತಿನ್ನಿಸಿದಳು. ಮರಿ ಎಷ್ಟು ಬೆಳೆದುಬಿಟ್ಟಿದೆ ಎಂದು ನೆರೆಯವಳು ಬೆರಗಾದರೆ, "ಕಣ್ಣು ಹಾಕ್ಬೇಡ ಕಣೇ, ಇನ್ನೂ ಹೊಟ್ಟೇಲಿದೆ," ಅನ್ನುತ್ತಿದ್ದಳು.

ಮರುವರ್ಷ ಅಕ್ಟೋಬರಿನಲ್ಲಿ ಕಣ್ಣು ಮೂವತ್ತಾರು ಮುಟ್ಟಿತು. ಗುರುವಾರ ಮಧ್ಯಾಹ್ನ ಒಂದೂಕಾಲು ಗಂಟೆಗೆ ಮರಿಯನ್ನು ತಾಯಿಯ ಹಿಂದೆ ನಿಲ್ಲಿಸಿ, ಮೂರು ಹೆಜ್ಜೆ ದೂರ ನಡೆಸಿ, ಪ್ರಸವ ದಾಖಲಿಸಿದೆವು. ಹುಟ್ಟುತೂಕ ನೂರ ಅರವತ್ತು ಕಿಲೋ. ಗಿಡ್ಡ ತಳಿಯಲ್ಲಿ ಇಂಥದ್ದು ಹಿಂದೆ ಆಗಿರಲಿಲ್ಲವಾಗಿ ಅಧಿಕಾರಿಗಳಿಗೆ ಬಡ್ತಿ ಬಂತು. ಕೋಷ್ಟಕವನ್ನು ಉಳಿದ ಕೇಂದ್ರಗಳಿಗೂ ಕಳಿಸಲಾಯಿತು. ಲಾಯದವನ ಕೆಲಸ ಕಾಯಂ ಆಯಿತು.

ಮರುದಿನ ಅವನ ಹೆಂಡತಿ ನನ್ನ ಕಿಟಕಿಗೆ ಬಂದಳು. ಹೋದ ವರ್ಷ ಮಾರ್ಚಿನಲ್ಲಿ ಗಂಡ ಮೂರು ರಾತ್ರಿ ಲಾಯದಲ್ಲೇ ಕೂತಿದ್ದನೆಂದೂ ಹೆರಿಗೆ ಮಾಡಿಸಿದವರಿಗೆ ಭತ್ಯೆ ಉಂಟಂತೆ ಎಂದೂ ಹೇಳಿದಳು. ಆ ರಾತ್ರಿಗಳಲ್ಲಿ ಹೆರಿಗೆ ಆಗಿಲ್ಲವೆಂದು ವಿವರಿಸಿದೆ. ನಿನ್ನೆ ಆದದ್ದು ಊಟದ ಬಿಡುವಿನಲ್ಲಿ. ಬಿಡುವು ಕೆಲಸದ ವೇಳೆಯಲ್ಲ.

"ಅದೂ ಸರೀನೇ," ಅಂದಳು. "ತಾಯಿ ಮರಿ ಚೆನ್ನಾಗಿದ್ರೆ ಸಾಕು ಬಿಡಿ ಅಣ್ಣಾ. ಹಾಗಾದ್ರೆ ಏನೂ ಇಲ್ಲ ಅನ್ನಿ?"

"ಬರಿಗೈಯಲ್ಲಿ ಕಳಿಸೋದಿಲ್ಲಮ್ಮಾ. ಹುಟ್ಟಿದ ಮರಿಯ ಮೈ ಒರೆಸೋಕೆ ಒಂದು ಟವಲಿನ ಬೆಲೆ ಮಂಜೂರಾಗಿದೆ."

ಮರಿಯ ಮೈ ಒದ್ದೆಯಾಗಿರಲಿಲ್ಲವಾದ್ದರಿಂದ ಅದರಲ್ಲಿ ಅರ್ಧ ಕೊಟ್ಟೆ.